ಮೈಸೂರಿಗೆ ಜೋಡಿಯಾಗಿ ಬರೋರೇ, ಪಾಯಿಂಟ್ ಲೆಕ್ಕ ಬಿಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಂಡ ಹೆಂಡ್ತಿ ವೀಕೆಂಡ್‌ಗೆ ಮೈಸೂರಿಗೆ ಬಂದ್ರೆ ಎರಡು ದಿನದಲ್ಲಿ ಏನೇನು ನೋಡ್ಬಹುದು ಅಂತ ಉದ್ದದ ಪಟ್ಟಿ ಹಾಕಿದ್ರಿ. ಫೋಟೋ ಎಲ್ಲ ಚೆನ್ನಾಗಿತ್ತು, ಬರೆದವರ ಮೇಲೆ ನಂಗೇನೂ ಸಿಟ್ಟಿಲ್ಲ, ಆದ್ರೆ ಅಂಥ ಪಟ್ಟಿನ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಬರೋ ಜೋಡಿಗಳು ವಾಪಸ್ ಹೋಗೋವಾಗ ಹೇಗಿರ್ತಾರೆ ಅಂತ ನೋಡೋನು ನಾನು. ರೈಲ್ವೆ ಸ್ಟೇಷನ್‌ಗೆ ನಡ್ಕೊಂಡು ಹೋಗೋ ದೂರದಲ್ಲಿರೋ ಒಂದು ಸಣ್ಣ ಹೋಟೆಲ್‌ನಲ್ಲಿ ರಿಸೆಪ್ಷನ್ ನೋಡ್ಕೊಳ್ತೀನಿ. ಬಂದಾಗ ಕೈ ಕೈ ಹಿಡ್ಕೊಂಡು ಬಂದಿರ್ತಾರೆ, ಚೆಕ್‌ಔಟ್ ಮಾಡೋವಾಗ ಒಬ್ರು ಬಿಲ್ ನೋಡ್ತಾ ಇರ್ತಾರೆ, ಇನ್ನೊಬ್ರು ಸೋಫಾದಲ್ಲಿ ಕೂತು ಕಾಲು ಒತ್ಕೊಳ್ತಾ ಇರ್ತಾರೆ, ಮಾತಿಲ್ಲ ಕತೆಯಿಲ್ಲ.

ಯಾಕೆ ಅಂದ್ರೆ ಪಟ್ಟಿ ಹಂಗಿರುತ್ತೆ. ಬೆಳಗ್ಗೆ ಬೆಟ್ಟ, ಆಮೇಲೆ ಝೂ, ಅರಮನೆ, ಫಿಲೋಮಿನಾ ಚರ್ಚು, ಸಂಜೆ ಊರಿಂದ ಇಪ್ಪತ್ತು ಕಿಲೋಮೀಟರ್ ಹೋಗಿ ಕೆಆರ್‌ಎಸ್ ಕಾರಂಜಿ, ರಾತ್ರಿ ಊಟಕ್ಕೆ ಕ್ಯೂ. ಕೌಂಟರ್‌ಗೆ ಬಂದ ತಕ್ಷಣ ಕೇಳೋ ಮೊದಲ ಪ್ರಶ್ನೆನೇ 'ಸರ್ ಎಷ್ಟು ಪಾಯಿಂಟ್ ಕವರ್ ಆಗುತ್ತೆ' ಅಂತ. ಈ ಪಾಯಿಂಟ್ ಅನ್ನೋ ಮಾತು ಆಟೋದವರದ್ದು, ಅವರಿಗೆ ಅದು ಬಾಡಿಗೆ ಲೆಕ್ಕ, ಮಧ್ಯದಲ್ಲಿ ಒಂದು ಸಿಲ್ಕ್ ಅಂಗಡಿ, ಒಂದು ಗಂಧದೆಣ್ಣೆ ಅಂಗಡಿ ಮುಂದೆ ನಿಲ್ಸಿದ್ರೆ ಅವರಿಗೂ ನಾಕು ಕಾಸು ಸಿಗುತ್ತೆ, ಅದು ಅವರ ಹೊಟ್ಟೆಪಾಡು, ಬಿಡಿ. ಆದ್ರೆ ಇಬ್ರೇ ಸ್ವಲ್ಪ ಹೊತ್ತು ಒಟ್ಟಿಗೆ ಇರೋಣ ಅಂತ ಮಕ್ಕಳನ್ನ ಅಜ್ಜಿ ಮನೇಲಿ ಬಿಟ್ಟು ರಜ ಹಾಕಿ ಬಂದೋರು ಆ ಲೆಕ್ಕಕ್ಕೆ ಯಾಕೆ ಬೀಳ್ಬೇಕು?

ನನ್ನ ಕೇಳಿದ್ರೆ ಒಂದು ಬೆಳಗ್ಗೆಗೆ ಒಂದು ಜಾಗ, ಒಂದು ಸಂಜೆಗೆ ಒಂದು ಜಾಗ, ಮಧ್ಯಾಹ್ನ ಖಾಲಿ. ಅಷ್ಟೇ. ಉಳಿದಿದ್ದು ಮುಂದಿನ ಸಲಕ್ಕೆ ಇರ್ಲಿ, ಅರಮನೆ ಎಲ್ಲಿಗೂ ಓಡಿ ಹೋಗಲ್ಲ.

ಬರೋ ವಿಷಯದಿಂದ್ಲೇ ಹೇಳ್ತೀನಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ಬೆಂಗಳೂರಿನವರು ಬೆಳಗ್ಗೆ ಬಂದು ರಾತ್ರಿ ವಾಪಸ್ ಹೋಗೋದು ಜಾಸ್ತಿ ಆಗಿದೆ, ಕಾರಿದ್ದವರಿಗೆ ಸರಿ, ಆದ್ರೆ ಡ್ರೈವ್ ಮಾಡೋರ ಕಣ್ಣು ಸ್ಪೀಡ್ ಕ್ಯಾಮೆರಾ ಮೇಲೆ, ಪಕ್ಕದಲ್ಲಿ ಕೂತವರು ನಿದ್ದೆ, ಅದ್ರಲ್ಲಿ ಏನು ಮಾತಾಡ್ತಾರೆ. ಬೈಕಲ್ಲಿ ಬರೋ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು, ಅದೇ ವರ್ಷ ಆಗಸ್ಟ್‌ನಿಂದ ಮೇನ್ ರೋಡಲ್ಲಿ ಟೂ ವೀಲರ್ ಬಿಡಲ್ಲ, ಸರ್ವೀಸ್ ರೋಡಲ್ಲೇ ಬರ್ಬೇಕು, ಅದು ಗೊತ್ತಿಲ್ದೆ ಫೈನ್ ಕಟ್ಟಿ ಮುಖ ಊದಿಸ್ಕೊಂಡು ಬಂದೋರು ಇದಾರೆ. ನನ್ನ ಓಟು ರೈಲಿಗೆ. ಎರಡರಿಂದ ಮೂರು ಗಂಟೆ, ಕಿಟಕಿ ಸೀಟು, ರಾಮನಗರದ ಬಂಡೆ, ಮದ್ದೂರು ಬಂತು ಅಂದ್ರೆ ವಡೆ, ಮಂಡ್ಯದ ಕಬ್ಬಿನ ಗದ್ದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿನ ಎರಡು ಸಲ ದಾಟ್ತೀರ, ದ್ವೀಪ ಅಲ್ವ. ಟ್ರಿಪ್ಪು ಮೈಸೂರಲ್ಲಿ ಶುರು ಆಗಲ್ಲ, ಮೆಜೆಸ್ಟಿಕ್‌ನಲ್ಲೇ ಶುರು ಆಗುತ್ತೆ.

ಆಮೇಲೆ ವಾರ. ಎಲ್ರೂ ಶನಿವಾರ ಬಂದು ಭಾನುವಾರ ಹೋಗ್ತಾರೆ, ನೀವು ಭಾನುವಾರ ಮಧ್ಯಾಹ್ನ ಬಂದು ಸೋಮವಾರ ಉಳ್ಕೊಳ್ಳಿ. ಆಫೀಸಿಗೆ ಒಂದೇ ದಿನ ರಜ ಹಾಕ್ಬೇಕು, ರೂಮ್ ರೇಟೂ ಎಷ್ಟೋ ಕಡೆ ಕಮ್ಮಿ. ಭಾನುವಾರ ಸಂಜೆ 7ರ ಮೇಲೆ ಅರಮನೆ ದೀಪ ಹಾಕ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಸುಮಾರು ಮುಂಚೆನೇ ಒಳಗೆ ಹೋಗಿ ಒಂದು ಕಡೆ ನಿಂತ್ಕೊಂಬಿಡಿ, ಕತ್ತಲೆ ಕವಿತಾ ಇರುತ್ತೆ, ಸ್ವಿಚ್ ಹಾಕಿದ ತಕ್ಷಣ ಅಷ್ಟೂ ಜನ ಒಂದೇ ಸಲ 'ಹೋ' ಅಂತಾರೆ, ಅರಮನೆಗಿಂತ ಆ ಸದ್ದು ಚೆಂದ. ಎಲ್ರೂ ಆಗ ಸೆಲ್ಫಿಗೆ ತಿರುಗ್ತಾರೆ, ನೀವು ತಿರುಗ್ಬೇಡಿ. ಮೊದಲಿದ್ದ ಮರದ ಅರಮನೆ 1897ರಲ್ಲಿ ಸುಟ್ಟು ಹೋಗಿ, ಹೆನ್ರಿ ಇರ್ವಿನ್ ಪ್ಲಾನ್ ಹಾಕಿ ಈಗಿರೋದು 1912ಕ್ಕೆ ಮುಗೀತು ಅನ್ನೋದೆಲ್ಲ ಗೈಡ್ ಹೇಳ್ತಾನೆ, ಅದನ್ನ ಬೇಕಾದ್ರೆ ಮಾರನೇ ದಿನ ಕೇಳಿ. ಒಂದೇ ಎಚ್ಚರಿಕೆ, ಮಂಗಳವಾರ ಝೂನೂ ರಜ, ಕಾರಂಜಿ ಕೆರೆನೂ ರಜ, ಸೋಮವಾರ ಬಿಟ್ಟು ಮಂಗಳವಾರಕ್ಕೆ ಎಳೆದ್ರೆ ಗೇಟ್ ಮುಂದೆ ನಿಂತು ಬರ್ತೀರ.

ಸೋಮವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ. ಸ್ಟೇಷನ್ ಕಡೆಯಿಂದ ನಡೆದ್ರೆ ಅರ್ಧ ಗಂಟೆ, ಕ್ರಾಫರ್ಡ್ ಹಾಲ್ ಮುಂದಿನ ದೊಡ್ಡ ಮರಗಳ ರಸ್ತೆಲಿ ಹೋಗಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆದ ಕೆರೆ, ಕುವೆಂಪು ಅವರು ದಿನಾ ವಾಕ್ ಹೋಗ್ತಿದ್ದಿದ್ದು ಇಲ್ಲೇ. ಸುತ್ತ ಪೂರ್ತಿ ಹಾಕ್ಬೇಕು ಅಂತ ಹಠ ಬೇಡ, ವಾಕಿಂಗ್ ಯಜಮಾನ್ರುಗಳು ಕೈ ಬೀಸ್ಕೊಂಡು ಹಿಂದಿಂದ ಬರ್ತಾ ಇರ್ತಾರೆ, ಅವರಿಗೆ ದಾರಿ ಬಿಟ್ಟು ಏರಿ ಮೇಲೆ ಒಂದು ಕಡೆ ಕೂತ್ಕೊಳ್ಳಿ. ಹೆಜ್ಜಾರ್ಲೆ ನೀರಿಗೆ ಇಳಿಯೋದನ್ನ ನೋಡಿದ್ದೀರ? ಅಷ್ಟು ದೊಡ್ಡ ಹಕ್ಕಿ, ಕಾಲು ಮುಂದೆ ಚಾಚಿ ನೀರ ಮೇಲೆ ಗೀರ್ಕೊಂಡು ಹೋಗಿ, ಆಮೇಲೆ ರೆಕ್ಕೆ ಮಡಚ್ಕೊಂಡು ಏನೂ ಆಗೇ ಇಲ್ಲ ಅನ್ನೋ ಥರ ತೇಲ್ತಾ ಇರುತ್ತೆ. ಅದಕ್ಕೆ ಟಿಕೆಟ್ಟೂ ಇಲ್ಲ, ಗೈಡೂ ಇಲ್ಲ.

ವಾಪಸ್ ಬರ್ತಾ ದೇವರಾಜ ಮಾರ್ಕೆಟ್. ಇದು ನನ್ನ ಇಷ್ಟದ ಜಾಗ ಅದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಕುಂಕುಮದ ರಾಶಿ ಮುಂದೆ ಫೋಟೋ ಎಲ್ರೂ ತೆಗೀತಾರೆ, ಅತ್ತರಿನವರು ಕೈ ಹಿಡಿದು ಮಣಿಕಟ್ಟಿಗೆ ಹಚ್ಚೇಬಿಡ್ತಾರೆ, ಅದನ್ನ ದಾಟಿ ಹೂವಿನ ಸಾಲಿಗೆ ಹೋಗಿ. ಇಲ್ಲಿ ಮಲ್ಲಿಗೆ ಮೊಳದ ಲೆಕ್ಕ, ಜಾಸ್ತಿ ಬೇಕಂದ್ರೆ ಮಾರು, ನಾಕು ಮೊಳಕ್ಕೆ ಒಂದು ಮಾರು. ಹೂವಿನಮ್ಮ ಮೊಣಕೈಯಿಂದ ಬೆರಳ ತುದಿಗೆ ಅಳೀತಾರೆ, ಗಂಡಸರು ಹತ್ರ ಬಂದ್ರೆ ಬೆರಳು ಸ್ವಲ್ಪ ಮಡಚಿರುತ್ತೆ, ಹೆಂಗಸರು ಕೇಳಿದ್ರೆ ನೆಟ್ಟಗಾಗುತ್ತೆ, ಬೇಕಾದ್ರೆ ಟೆಸ್ಟ್ ಮಾಡಿ ನೋಡಿ. 'ಅಣ್ಣ, ಅಮ್ಮಾವ್ರಿಗೆ ಒಂದು ಮಾರು ತಗೊಳಿ' ಅಂದಾಗ ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸೂ ಸ್ವಲ್ಪ ನಾಚ್ಕೊಳ್ತಾನೆ ನೋಡಿ, ಅದು ಯಾವ ಕ್ಯಾಂಡಲ್ ಲೈಟ್ ಡಿನ್ನರ್‌ನಲ್ಲೂ ಸಿಗಲ್ಲ. ನಂಜನಗೂಡು ರಸಬಾಳೆ ಸಿಕ್ರೆ ನಾಕು ತಗೊಳ್ಳಿ, ಎಲ್ಲಾ ಕಾಲದಲ್ಲೂ ಸಿಗಲ್ಲ. ಚಿಗುರು ವೀಳ್ಯದೆಲೆ ರೂಮಿಗೆ.

ತಿಂಡಿ ವಿಷಯಕ್ಕೆ ಎಲ್ರೂ ಮೈಲಾರಿ ದೋಸೆ ಅಂತಾರೆ, ನಾನೂ ಅದನ್ನೇ ಹೇಳೋದು, ಮೆತ್ತಗೆ ಬಾಯಲ್ಲಿ ಇಟ್ರೆ ಕರಗುತ್ತೆ, ಆದ್ರೆ ಭಾನುವಾರ ಅಲ್ಲಿ ರೊಮ್ಯಾನ್ಸ್ ಅಂತೆಲ್ಲ ಅಂದ್ಕೋಬೇಡಿ, ನಿಮ್ಮ ಕುರ್ಚಿ ಹಿಂದೆ ಇನ್ನಿಬ್ರು ನಿಂತು ನಿಮ್ಮ ದೋಸೆನೇ ನೋಡ್ತಾ ಇರ್ತಾರೆ. ಸೋಮವಾರ ಲೇಟಾಗಿ ಹೋದ್ರೆ ಪರ್ವಾಗಿಲ್ಲ.

ಮಧ್ಯಾಹ್ನ ನಿದ್ದೆ ಮಾಡಿ. ಹೌದು, ದುಡ್ಡು ಕೊಟ್ಟು ಬಂದು ನಿದ್ದೆನಾ ಅಂತ ಕೇಳ್ತಾರೆ. ಒಂದ್ಸಲ ಶಿವಮೊಗ್ಗ ಕಡೆಯ ರಿಟೈರ್ಡ್ ಮೇಷ್ಟ್ರು ದಂಪತಿ ಬಂದಿದ್ರು, ಊಟ ಮಾಡಿ ಬಂದವರು 'ಐದಕ್ಕೆ ಎರಡು ಕಾಫಿ ಕಳ್ಸಪ್ಪ, ಅಲ್ಲಿವರ್ಗೂ ಎಬ್ಬಿಸ್ಬೇಡ' ಅಂತ ಕೀ ತಗೊಂಡು ಹೋದ್ರು. ಕಾಫಿ ತಗೊಂಡು ಹೋದ ಹುಡುಗ ಬಂದು ಹೇಳ್ದ, ಇಬ್ರೂ ಬಾಲ್ಕನಿಯಲ್ಲಿ ಕೂತು ಚೌಕಾಬಾರ ಆಡ್ತಾ ಇದಾರೆ, ಮನೆಯಿಂದ್ಲೇ ಕವಡೆ ತಂದಿದಾರೆ ಅಂತ. ಅಮ್ಮಾವ್ರು ಗೆಲ್ತಾ ಇದ್ರಂತೆ.

ನಿದ್ದೆ ಬರ್ದಿದ್ರೆ ಜಗನ್ಮೋಹನ ಅರಮನೆ, ಅದೂ ಒಂದೇ ಚಿತ್ರಕ್ಕೆ, ದೀಪ ಹಿಡಿದ ಹೆಂಗಸಿನ ಚಿತ್ರ. ರವಿವರ್ಮನ ಚಿತ್ರಗಳೂ ಅಲ್ಲೇ ಇರೋದ್ರಿಂದ ಇದೂ ಅವರದ್ದೇ ಅಂತ ಜನ ಅಂದ್ಕೊಳ್ತಾರೆ, ಅಲ್ಲ, ಇದು ಎಸ್.ಎಲ್. ಹಲ್ದಣಕರ್ ಅವರದ್ದು, ಮಗಳನ್ನೇ ನಿಲ್ಲಿಸಿ ಬರೆದಿದ್ದು, ಆಯಿಲ್ ಅಲ್ಲ ವಾಟರ್ ಕಲರ್. ಗಾಳಿಗೆ ಅಡ್ಡ ಇಟ್ಟ ಕೈಯ ಬೆರಳ ಸಂದಿಯಿಂದ ಬೆಳಕು ಕೆಂಪಗೆ ಸೋರ್ತಾ ಇರುತ್ತೆ, ಅದನ್ನ ಹತ್ತು ನಿಮಿಷ ನೋಡಿ, ಬೇರೆ ನೂರು ಚಿತ್ರ ಬಿಟ್ರೂ ನಷ್ಟ ಇಲ್ಲ. ದಾರಿಲಿ ದೊಡ್ಡ ಗಡಿಯಾರ ಸಿಕ್ರೆ ತಲೆ ಎತ್ತಿ ನೋಡಿ, ಅಂಕಿ ಕನ್ನಡದಲ್ಲಿದೆ.

ಬೆಟ್ಟದ ಬಗ್ಗೆ ಪುರವಣಿಯಲ್ಲಿ 'ಸಾವಿರ ಮೆಟ್ಟಿಲು ಹತ್ತಿ' ಅಂತ ಬರೆದಿದ್ರಿ. ಹತ್ತೋರು ಹತ್ಲಿ ಸ್ವಾಮಿ, ಮಂಡಿ ಇರೋರು. ಇಬ್ರಲ್ಲಿ ಒಬ್ರು ಜಿಮ್‌ಗೆ ಹೋಗೋರು, ಒಬ್ರು ಹೋಗದವರು ಆದ್ರೆ ಒಬ್ರು ಮೇಲೆ ಇರ್ತಾರೆ, ಒಬ್ರು ಇನ್ನೂರನೇ ಮೆಟ್ಟಿಲಲ್ಲಿ, ಅದೇನು ಜೋಡಿ ಟ್ರಿಪ್ಪು. ಸಿಟಿ ಬಸ್ ಸ್ಟ್ಯಾಂಡಲ್ಲಿ 201 ಹತ್ತಿ ಮೇಲಕ್ಕೆ ಹೋಗಿ, ದೇವಿ ದರ್ಶನ ಮಾಡಿ, ಮೆಟ್ಟಿಲಲ್ಲಿ ನಂದಿವರೆಗೂ ಇಳೀರಿ, ಮುನ್ನೂರು ಚಿಲ್ಲರೆ ಮೆಟ್ಟಿಲು ಅಷ್ಟೇ. ದೊಡ್ಡ ದೇವರಾಜ ಒಡೆಯರ್ ಕಾಲದ ಏಕಶಿಲೆ ನಂದಿ, ಕೊರಳಲ್ಲಿ ಗಂಟೆ ಸರದ ಒಂದೊಂದು ಗಂಟೆನೂ ಬೇರೆ ಬೇರೆ ಕಾಣೋ ಹಂಗೆ ಕಡೆದಿದಾರೆ. ಅಲ್ಲಿ ರಸ್ತೆನೂ ಸಿಗುತ್ತೆ. ಆದ್ರೆ ಆಷಾಢ ಶುಕ್ರವಾರ ಮಾತ್ರ ಬೇಡವೇ ಬೇಡ, ಲಕ್ಷಾಂತರ ಜನ, ಸ್ವಂತ ಗಾಡಿನೂ ಮೇಲಕ್ಕೆ ಬಿಡಲ್ಲ. ಹೊಸದಾಗಿ ಮದುವೆ ಆದೋರಿಗೆ ಹೆಂಗೂ ಆಷಾಢದಲ್ಲಿ ಹೆಣ್ಣು ತವರಿಗೆ ಹೋಗಿರುತ್ತೆ, ಶ್ರಾವಣ ಬಂದ ಕೂಡ್ಲೇ ನಮ್ಮ ರೂಮ್‌ಗಳು ತುಂಬೋದು ನೋಡ್ಬೇಕು ನೀವು. ದಸರಾ ಹತ್ತು ದಿನನೂ ಅಷ್ಟೇ, ಜಾತ್ರೆ ನೋಡಕ್ಕೆ ಬನ್ನಿ, ಸಮಾಧಾನ ಹುಡ್ಕೊಂಡು ಬರ್ಬೇಡಿ.

ಇನ್ನು ಎರಡು ವಿಷಯ ಪುರವಣಿಗಳಲ್ಲಿ ಯಾರೂ ಬರೆಯಲ್ಲ, ಅದನ್ನ ಬರೆಯಕ್ಕೇ ಈ ಪತ್ರ ಅಂದ್ಕೊಳ್ಳಿ.

ಒಂದು, ರೂಮು. ಮದುವೆ ಆಗಿಲ್ದಿರೋ ಮೇಜರ್ ಹುಡುಗ ಹುಡುಗಿ ಒಂದೇ ರೂಮಲ್ಲಿ ಇರಬಾರದು ಅಂತ ಕಾನೂನು ಇಲ್ಲ, 2019ರಲ್ಲಿ ಮದ್ರಾಸ್ ಹೈಕೋರ್ಟು ಇದನ್ನೇ ಹೇಳಿದೆ. ಆದ್ರೂ ಎಷ್ಟೋ ಕಡೆ ಮದುವೆ ಫೋಟೋ ತೋರ್ಸಿ ಅಂತಾರೆ, ಲೋಕಲ್ ಅಡ್ರೆಸ್ ಇದ್ರೆ ರೂಮ್ ಇಲ್ಲ ಅಂತಾರೆ, ಮದುವೆ ಆಗಿ ಅಡ್ರೆಸ್ ಬದಲಾಯಿಸ್ದೆ ಇರೋ ಹೆಣ್ಣುಮಕ್ಕಳ ಆಧಾರ್ ನೋಡಿ ಗಂಡನ್ನ ಅನುಮಾನದಿಂದ ನೋಡ್ತಾರೆ. ನಮ್ಮಲ್ಲಿ ಇಬ್ರ ಐಡಿ ತಗೊಳ್ತೀವಿ, ರಿಜಿಸ್ಟರ್‌ನಲ್ಲಿ ಬರೀತೀವಿ, ಮುಗೀತು. ಅದಕ್ಕೆ ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ನೇರವಾಗಿ ಕೇಳ್ಬಿಡಿ, ರಾತ್ರಿ ಹತ್ತಕ್ಕೆ ಬ್ಯಾಗ್ ಹಿಡ್ಕೊಂಡು ಲಾಬಿಯಲ್ಲಿ ವಾದ ಮಾಡೋದು ಯಾರಿಗೂ ಬೇಡ. ಪಾರ್ಕಲ್ಲಿ ಸುಮ್ನೆ ಕೂತಿರೋ ಜೋಡಿ ಮುಂದೆ ಮೊಬೈಲ್ ಹಿಡ್ಕೊಂಡು 'ಯಾವೂರು, ಮನೇಲಿ ಗೊತ್ತಾ' ಅಂತ ವಿಡಿಯೋ ಮಾಡೋ ಪುಂಡರಿದಾರಲ್ಲ, ಅವರ ಬಗ್ಗೆ ನಿಮ್ಮ ಪತ್ರಿಕೆ ಒಂದು ಗಟ್ಟಿ ಸಂಪಾದಕೀಯ ಬರೀಬೇಕು.

ಎರಡನೇದು, ನಿಧಾನವಾಗಿ ನಡೆಯೋರಿಗೆ ಈ ಊರು ಏನು ಕೊಟ್ಟಿದೆ? ಕೋಟಿಗಟ್ಲೆ ಖರ್ಚು ಮಾಡಿ ಸರ್ಕಲ್ ಮಾಡ್ತಾರೆ, ಸಯ್ಯಾಜಿ ರಾವ್ ರಸ್ತೆಲಿ ಒಂದು ಕಡೆ ಕೂತ್ಕೊಳ್ಳಕ್ಕೆ ಬೆಂಚು ಹುಡುಕಿ ನೋಡೋಣ. ಹೆಂಗಸರಿಗೆ ಟಾಯ್ಲೆಟ್ ಬೇಕು ಅಂದ್ರೆ ಹೋಟೆಲ್‌ಗೆ ಹೋಗಿ ಬೇಡದಿರೋ ಕಾಫಿ ಕುಡೀಬೇಕು. ಫುಟ್‌ಪಾತ್ ಮೇಲೆ ಬೈಕು, ಇಬ್ರು ಪಕ್ಕ ಪಕ್ಕ ನಡೆಯಕ್ಕಾಗಲ್ಲ, ಒಬ್ರ ಹಿಂದೆ ಒಬ್ರು. ದೇವರಾಜ ಮಾರ್ಕೆಟ್‌ನ ಒಂದು ಭಾಗ 2016ರಲ್ಲಿ ಕುಸೀತು, ಅದಕ್ಕೂ ಮುಂಚೆ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದು ಜನ ಸತ್ರು, ಒಡೀಬೇಕೋ ಉಳಿಸ್ಬೇಕೋ ಅನ್ನೋ ಜಗಳದಲ್ಲೇ ವರ್ಷಗಳು ಹೋದ್ವು. ಬರೋ ಪ್ರವಾಸಿಗರು ಎಷ್ಟು ಅಂತ ಮಾತ್ರ ಲೆಕ್ಕ ಹಾಕ್ತಾರೆ, ಎಷ್ಟು ಹೊತ್ತು ಉಳಿದ್ರು ಅಂತ ಯಾರೂ ಕೇಳಲ್ಲ. ಒಂದು ರಾತ್ರಿ ಉಳ್ಕೊಂಡ ಜೋಡಿ ಹೂವಿನಮ್ಮನಿಂದ ಹಿಡಿದು ಟಾಂಗಾದವರ ತನಕ ಎಲ್ರಿಗೂ ಸ್ವಲ್ಪ ಸ್ವಲ್ಪ ದುಡ್ಡು ಬಿಟ್ಟು ಹೋಗುತ್ತೆ, ಬೆಳಗ್ಗೆ ಬಂದು ಸಂಜೆ ಹೋಗೋ ಕಾರು ಟೋಲ್‌ಗೆ ಬಿಟ್ಟು ಹೋಗುತ್ತೆ.

ಕೊನೆಯದಾಗಿ ನಿಮ್ಮ ಕೈಯಲ್ಲೇ ಆಗೋ ಒಂದು ಕೆಲಸ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ವೀಕೆಂಡ್ ಸಂಜೆ ನಾಟಕ ಇರುತ್ತೆ, ಅರಮನೆ ದೀಪ ಈಗಾಗ್ಲೇ ನೋಡಿರೋ ಜೋಡಿಗೆ ಅದಕ್ಕಿಂತ ಒಳ್ಳೆ ಸಂಜೆ ಇಲ್ಲ, ಆದ್ರೆ ಆ ಟೈಮಿಂಗ್ಸ್ ನಿಮ್ಮ ಮೈಸೂರು ಆವೃತ್ತಿಯ ಮೂಲೆಯಲ್ಲಿ ಮಾತ್ರ ಬರುತ್ತೆ, ಬೆಂಗಳೂರಲ್ಲಿ ಕೂತು ಪ್ಲಾನ್ ಮಾಡೋರಿಗೆ ಗೊತ್ತೇ ಆಗಲ್ಲ. ಶುಕ್ರವಾರದ ಬೆಂಗಳೂರು ಆವೃತ್ತಿಯಲ್ಲೂ ಎರಡು ಲೈನ್ ಹಾಕಿ, ಟಿಕೆಟ್ ಎಲ್ಲಿ ಸಿಗುತ್ತೆ ಅನ್ನೋದನ್ನೂ ಸೇರ್ಸಿ.

ಇಂತಿ ನಿಮ್ಮ ಓದುಗ,
ಒಬ್ಬ ಹೋಟೆಲ್ ನೌಕರ, ಮೈಸೂರು