ರಿಯಾಕ್ಟರ್ ಅಂದರೆ ಬಾಂಬ್ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕುಂಬಳೆಯ ಚಹಾ ಅಂಗಡಿಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ರಿಯಾಕ್ಟರ್ ಮಾತು ಬಂದರೆ ಸಾಕು, ‘ಅದು ಬಾಂಬ್ ಥರ ಸಿಡಿಯುತ್ತೆ’ ಅನ್ನುವವರೇ ಜಾಸ್ತಿ. ಹಾಗಲ್ಲ. ಅಲ್ಲಿ ಹಾಕುವುದು ಸಹಜ ಯುರೇನಿಯಂ, ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಬರೀ ಶೇ. 0.7, ಬಾಂಬಿಗೆ ಅದು ಏನೇನೂ ಸಾಲದು. ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣ ಬಡಿದು ಪರಮಾಣುವಿನ ಬೀಜ ಒಡೆದಾಗ ಶಾಖದ ಜೊತೆ ಎರಡೋ ಮೂರೋ ಹೊಸ ನ್ಯೂಟ್ರಾನ್ ಹೊರಬರುತ್ತವೆ, ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಅವುಗಳ ಓಟ ತಗ್ಗಿಸುತ್ತದೆ, ಸರಾಸರಿ ಒಂದು ಮಾತ್ರ ಮುಂದಿನ ಬೀಜ ಒಡೆಯುವಂತೆ ನೋಡಿಕೊಳ್ಳುತ್ತಾರೆ. ಉಳಿದದ್ದು ನೀರು ಕಾಯಿಸಿ ಹಬೆಯಿಂದ ಟರ್ಬೈನ್ ತಿರುಗಿಸುವ ಕೆಲಸ, ಅಷ್ಟೇ.

ಭಯಪಡಬೇಕಾದ್ದು ಬೇರೆ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಶಾಖ ಬರುತ್ತಲೇ ಇರುತ್ತದೆ, ಒಲೆ ಆರಿಸಿದರೂ ಕೆಂಡ ಇರುತ್ತದಲ್ವಾ, ಹಾಗೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಸುನಾಮಿಯಿಂದ ಕರೆಂಟ್ ಹೋಗಿ, ತಂಪು ಮಾಡುವ ಪಂಪ್ ನಿಂತು ರಿಯಾಕ್ಟರ್‌ಗಳು ಕೆಟ್ಟದ್ದು ಇದರಿಂದಲೇ. ಕೈಗಾದ ಬಗ್ಗೆ ಬರೆಯುವಾಗ ಸುಮ್ನೆ ಹೆದರಿಸದೆ, ನಿಲ್ಲಿಸಿದ ಮೇಲೂ ತಂಪು ಮಾಡುವ ವ್ಯವಸ್ಥೆ ಹೇಗಿದೆ ಅಂತ ವಿಚಾರಿಸಿ ಬರೆಯಿರಿ.

– ಒಬ್ಬ ಓದುಗ, ಕುಂಬಳೆ, ಕಾಸರಗೋಡು