ದೇವದೂತನ ಮುಖಕ್ಕೆ ಫ್ಲೆಕ್ಸ್

ಮಾನ್ಯರೆ,

ಕಲಾಭವನದಲ್ಲಿ ನಡೆದಿರುವ ಬರೋಕ್ (ಹದಿನೇಳನೇ ಶತಮಾನದ ಯುರೋಪಿನ ಶೈಲಿ) ಚಿತ್ರಗಳ ಪ್ರದರ್ಶನಕ್ಕೆ ‘ಅಭೂತಪೂರ್ವ ಸ್ಪಂದನೆ’ ಎಂದು ನಿಮ್ಮ ವರದಿಗಾರರು ಬರೆದಿದ್ದಾರೆ. ಅವರು ಒಳಗೆ ಹೋಗಿದ್ದರೋ, ಗೇಟಿನಲ್ಲೇ ಕಾಫಿ ಕುಡಿದು ವಾಪಸಾದರೋ? ಅದನ್ನು ನಂಬಿ ಅರ್ಧ ದಿನ ರಜೆ ಹಾಕಿ, ಮಂಡಿನೋವಿನ ಅಮ್ಮನನ್ನೂ ಕರೆದುಕೊಂಡು ಹೋದೆ. ಲಿಫ್ಟ್‌ಗೆ ಬೀಗ. ಏದುಸಿರು ಬಿಡುತ್ತಾ ಹತ್ತಿದರೆ ಕರೆಂಟ್ ಇಲ್ಲ. ಜನರೇಟರ್ ಇದೆಯಂತೆ, ಡೀಸೆಲ್ ಇಲ್ಲವಂತೆ. ನೆರಳು ಬೆಳಕಿಗೇ ಹೆಸರಾದ ಚಿತ್ರಗಳಲ್ಲವೇ, ನೆರಳಿನ ವ್ಯವಸ್ಥೆಯನ್ನಂತೂ ಚೆನ್ನಾಗಿ ಮಾಡಿದ್ದರು.

ಕರೆಂಟ್ ಬಂದ ಮೇಲೆ ಕಂಡದ್ದು ಇನ್ನೂ ಚೆಂದ. ಇಟಲಿಯ ಚಿತ್ರಕಾರ ಕಾರವಾಜೊ 1602ರಲ್ಲಿ ಬರೆದ ಸಂತ ಮತ್ತಾಯನ ಚಿತ್ರದ ದೊಡ್ಡ ಪ್ರಿಂಟ್ ಅಲ್ಲಿತ್ತು. ಯೇಸುವಿನ ಕಥೆ ಹೇಳುವ ಸುವಾರ್ತೆ ಬರೆದವನೇ ಈ ಮತ್ತಾಯ. ಮೂಲ ಇರುವುದು ರೋಮ್‌ನ ಸಾನ್ ಲುಯಿಜಿ ಚರ್ಚಿನಲ್ಲಿ. ಮುದುಕ ಮತ್ತಾಯ ಸ್ಟೂಲಿನ ಮೇಲೆ ಮಂಡಿಯೂರಿ, ಗರಿ ಹಿಡಿದು, ಕತ್ತು ತಿರುಗಿಸಿ ಮೇಲೆ ನೋಡುತ್ತಾನೆ. ಸ್ಟೂಲಿನ ಕಾಲು ಅಂಚು ದಾಟಿ ಜಾರಿದೆ, ಈಗ ನಮ್ಮ ಮೇಲೇ ಬೀಳುತ್ತೇನೋ ಅನ್ನಿಸುತ್ತದೆ. ಮೇಲೆ ಬಿಳಿ ಬಟ್ಟೆಯ ಸುಳಿಯೊಳಗಿಂದ ದೇವದೂತ ಬೆರಳು ಎಣಿಸಿ ಎಣಿಸಿ ಯೇಸುವಿನ ವಂಶಾವಳಿ ಹೇಳುತ್ತಿರಬೇಕು. ಆ ಜಾಗಕ್ಕೆ ಸರಿಯಾಗಿ ಉದ್ಘಾಟಕರ ಫ್ಲೆಕ್ಸ್! ಪಾಪ, ಮತ್ತಾಯ ಕೈ ಮುಗಿದು ನಗುವ ಜನನಾಯಕರನ್ನೇ ನೋಡುತ್ತಿದ್ದ. ಸುವಾರ್ತೆ ಹೇಳಿ ಬರೆಸಿದವರು ಯಾರು ಅಂತ ಕೊನೆಗೂ ಗೊತ್ತಾಯಿತು.

ಕಾರವಾಜೊ ಇದಕ್ಕೂ ಮೊದಲು ಬರೆದ ಚಿತ್ರದಲ್ಲಿ ದೂತ ಮತ್ತಾಯನ ಕೈ ಹಿಡಿದೇ ಅಕ್ಷರ ಬರೆಸುತ್ತಾನೆ. ಸಂತ ಹಳ್ಳಿಗನ ಹಾಗಿದ್ದಾನೆ, ಬರಿಗಾಲು ಚಾಚಿದ್ದಾನೆ ಎಂದು ಪಾದ್ರಿಗಳು ಬೇಡ ಅಂದರಂತೆ. ಅದು 1945ರಲ್ಲಿ ಬರ್ಲಿನ್‌ನಲ್ಲಿ ನಾಶವಾಯಿತು. ಉಳಿದಿರುವುದು ಕಪ್ಪುಬಿಳುಪು ಫೋಟೊ ಮಾತ್ರ. ನಮ್ಮವರು ಅದಕ್ಕೆ ಬಣ್ಣ ತುಂಬಿ ‘ಮೂಲದಂತೆಯೇ’ ಎಂದು ಚೀಟಿ ಅಂಟಿಸಿದ್ದಾರೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಮತ್ತಾಯನೂ ಇದ್ದಾನೆ, ದೂತ ಹಿಂದಿನಿಂದ ಕಿವಿಯಲ್ಲಿ ಉಸುರುವ 1661ರ ಚಿತ್ರ. ಪ್ಲಾಸ್ಟಿಕ್ ಕುರ್ಚಿಗಳನ್ನು ಅದರ ಮುಂದೆಯೇ ಪೇರಿಸಿಟ್ಟಿದ್ದಾರೆ.

ಫ್ಲೆಕ್ಸ್ ಸ್ವಲ್ಪ ಸರಿಸಿ ಅಂದರೆ, ‘ಅದನ್ನ ಮುಟ್ಟಿದ್ರೆ ನನ್ನ ಕೆಲಸ ಹೋಗತ್ತೆ ಸಾರ್, ಅರ್ಜಿ ಕೊಡಿ’ ಎಂದರು ಅಲ್ಲಿನ ಸಿಬ್ಬಂದಿ. ಕೊಡಬಹುದು. ಕಲಾಭವನದ ಪಕ್ಕದ ಚರಂಡಿ ಬಗ್ಗೆ ಕೊಟ್ಟ ಅರ್ಜಿ ಇನ್ನೂ ಸಾಹೇಬರ ಮೇಜಿನ ಮೇಲೇ ಇದೆ, ಸಾಹೇಬರು ಮಾತ್ರ ಮೂರು ಸಲ ಬದಲಾದರು. ಆಸ್ತಿ ತೆರಿಗೆ ಜೊತೆ ಗ್ರಂಥಾಲಯದ ಸೆಸ್ ಸುಮ್ನೆ ಕಿತ್ತುಕೊಳ್ಳುತ್ತಾರೆ, ವಾಚನಾಲಯದಲ್ಲಿ ಕೂರಲು ಬೆಂಚಿಲ್ಲ. ಬೀದಿದೀಪದ ಕಥೆ ಬೇಡವೇ ಬೇಡ.

ಫ್ಲೆಕ್ಸ್ ಇಳಿಸಲಿ. ಆಗಲ್ಲ ಅಂದರೆ ಚಿತ್ರಗಳನ್ನೇ ಇಳಿಸಲಿ. ಲಿಫ್ಟಿನ ಕೀಲಿ ಯಾರ ಜೇಬಿನಲ್ಲಿದೆ ಎಂದು ಸಂಬಂಧಪಟ್ಟವರು ಹುಡುಕಲಿ, ಹಾಗೇ ಚರಂಡಿ ಕಡೆಗೂ ಒಮ್ಮೆ ಬರಲಿ. ಸ್ವಲ್ಪವಾದರೂ ನಾಚಿಕೆ ಬೇಡವೇ ಇವರಿಗೆ?

– ನಿಮ್ಮ ಹಳೆಯ ಓದುಗ