ಆದ್ಯತೆ: ನಾರ್ಮಲ್

ಮೈಸೂರು
2 ಜೂನ್ 2025

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಮೇ 31ರ ರಾತ್ರಿ ಇಂಟರ್‌ನೆಟ್ ಕಡಿತ, ಮತ್ತು ಸರಿಯಾಗದ ದೂರನ್ನು ಮುಚ್ಚಿದ ಬಗ್ಗೆ

ಮಾನ್ಯರೇ,

ನಾಲ್ಕು ವರ್ಷದಿಂದ ನಿಮ್ಮ ಫೈಬರ್ ಗ್ರಾಹಕ. ಒಂದು ತಿಂಗಳ ಬಿಲ್ಲೂ ಬಾಕಿ ಇಲ್ಲ. ಮೇ ತಿಂಗಳಲ್ಲಿ ಮೂರು ಸಲ ಫೋನ್ ಮಾಡಿ, ಲೈನ್ ಆಗಾಗ ಹೋಗ್ತಿದೆ ಎಂದು ವಿನಯದಿಂದಲೇ ಹೇಳಿದ್ದೆ. 28ರಂದು ಇನ್ನೂ ಬಿಡಿಸಿ ಹೇಳಿದ್ದೆ: 31ರ ಮಧ್ಯರಾತ್ರಿ 12.30ಕ್ಕೆ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ನನ್ನ ತಂಡ ಇಂಟರ್ ಮಿಲಾನ್ ಆಡುತ್ತೆ, ದಯವಿಟ್ಟು ಅಷ್ಟರೊಳಗೆ ಸರಿ ಮಾಡಿ. "ನೋಟ್ ಮಾಡಿದ್ದೀನಿ ಸರ್" ಎಂದಿದ್ದರು.

ಆ ರಾತ್ರಿ ನಾಲ್ವರು ಗೆಳೆಯರು ಬಂದಿದ್ದರು. ಮನೆಯವಳು ದೊಡ್ಡ ಪಾತ್ರೆ ತುಂಬ ಮಂಡಕ್ಕಿ ಒಗ್ಗರಣೆ ಮಾಡಿಟ್ಟಿದ್ದಳು. ಹನ್ನೆರಡನೇ ನಿಮಿಷ ಎದುರಾಳಿ ಪ್ಯಾರಿಸ್ ತಂಡ ಪಿಎಸ್‌ಜಿಯ ಹಕೀಮಿ ಗೋಲ್ ಹೊಡೆದ. ಹಳೇ ಕ್ಲಬ್ ಇಂಟರ್ ಅಲ್ವಾ, ಸಂಭ್ರಮಿಸದೆ ಅಭಿಮಾನಿಗಳತ್ತ ಕೈ ಎತ್ತಿ ಕ್ಷಮೆ ಕೇಳಿದ. ಅಷ್ಟಕ್ಕೆ ಟಿವಿಯಲ್ಲಿ ಚಕ್ರ ತಿರುಗಲು ಶುರುವಾಯಿತು. ರೌಟರ್‌ನಲ್ಲಿ ಸಿಗ್ನಲ್ ಹೋಗಿದೆ ಎಂದು ತೋರಿಸುವ ಎಲ್‌ಒಎಸ್ ದೀಪ ಕೆಂಪಗಾಯಿತು. ನೀವಂತೂ ಕ್ಷಮೆ ಕೇಳಲಿಲ್ಲ.

ಹದಿನಾಲ್ಕು ನಿಮಿಷ ನಿಮ್ಮ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನಡೆದ ಮಾತು ಇದು. ಕರೆ ರೆಕಾರ್ಡ್ ಆಗುತ್ತದೆ ಎಂದು ನೀವೇ ಹೇಳ್ತೀರಿ, ಬೇಕಾದರೆ ಕೇಳಿ ನೋಡಿ.

"ರೌಟರ್ ಆಫ್ ಮಾಡಿ ಆನ್ ಮಾಡಿ ಸರ್."

"ಮೂರು ಸಲ ಮಾಡಿದೆ. ಕೆಂಪು ದೀಪ."

"ಮಿನುಗ್ತಿದೆಯಾ, ಸುಮ್ನೆ ಇದೆಯಾ?"

"ಮಿನುಗ್ತಿದೆ."

"ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದೆ. ಮಿನುಗಿತು. "ಈ ಹೊತ್ತಲ್ಲಿ ಏನಾದ್ರೂ ಅರ್ಜೆಂಟ್ ಇದೆಯಾ ಸರ್?"

"ಫೈನಲ್ ಇದೆ."

"ಆರ್‌ಸಿಬಿ ಫೈನಲ್ ಮಂಗಳವಾರ ಅಲ್ವಾ ಸರ್? ಅಷ್ಟರೊಳಗೆ ಖಂಡಿತ ಸರಿ ಹೋಗುತ್ತೆ."

"ಫುಟ್‌ಬಾಲ್ ಅಮ್ಮಾ. ಮ್ಯೂನಿಕ್‌ನಲ್ಲಿ. ಪಿಎಸ್‌ಜಿಗೂ ಇಂಟರ್ ಮಿಲಾನ್‌ಗೂ."

"ಇಂಡಿಯಾ ಆಡ್ತಿಲ್ವಾ ಸರ್?"

"ಇಲ್ಲ."

"ಹಾಗಾದ್ರೆ ಆದ್ಯತೆ ನಾರ್ಮಲ್ ಅಂತ ಹಾಕ್ತೀನಿ ಸರ್."

ಫೋನ್ ಸ್ಪೀಕರ್‌ನಲ್ಲಿತ್ತು. ನಾಲ್ವರೂ ನಕ್ಕರು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಮುಂದಿದ್ದ ಪಟ್ಟಿಯನ್ನು ಓದಿದಳು. ಆ ಪಟ್ಟಿ ಬರೆದವರು ಯಾರೋ, ಅವರನ್ನು ಒಮ್ಮೆ ನೋಡಬೇಕಿತ್ತು.

1.20ಕ್ಕೆ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ. ದೀಪ ಇನ್ನೂ ಕೆಂಪಗೇ ಇತ್ತು. ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ ಎಂದೂ ಕೇಳಿದ್ದಿರಿ. ಸೊನ್ನೆ ಕೊಡಲು ದಾರಿ ಇರಲಿಲ್ಲ. ಐದು, ಸೊನ್ನೆ ಎರಡೂ ಆಮೇಲೆ ಮ್ಯಾಚಿನಲ್ಲೇ ಸಿಕ್ಕವು.

ನಮ್ಮ ಮನೆಯೊಳಗೆ ಮೊಬೈಲ್‌ನಲ್ಲಿ ಕರೆ ಸಿಗುತ್ತದೆ, ಇಂಟರ್‌ನೆಟ್ ಬರುವುದಿಲ್ಲ. ಪಿಎಸ್‌ಜಿ ಕಡೆಯ ಗೆಳೆಯನೊಬ್ಬ ತಾರಸಿಯಲ್ಲೇ ನಿಂತ. ದುವೆ ಎರಡು, ಕ್ವಾರಾತ್ಸ್‌ಖೇಲಿಯಾ ಒಂದು, ಮಯೂಲು ಒಂದು. ಪ್ರತಿ ಗೋಲಿಗೂ ಮೆಟ್ಟಿಲಿಳಿದು ಬಂದು ನನ್ನ ಮುಖ ನೋಡಿ ಹೇಳಿ ಹೋದ. ಇಂಟರ್‌ನೆಟ್ ವಾಪಸ್ ಬಂದಿದ್ದು 2.40ಕ್ಕೆ. ಆಗ ಕಪ್ ಎತ್ತಿ ಆಗಿತ್ತು.

"ನಿನ್ನ ಪುಣ್ಯ, ನೋಡೋದು ತಪ್ಪಿತು" ಎಂದು ಗೆಳೆಯರು ತಮಾಷೆ ಮಾಡ್ತಾರೆ. 2010ರ ಫೈನಲ್‌ನಲ್ಲಿ ಇಂಟರ್‌ನ ಮಿಲಿಟೊ ಎರಡು ಗೋಲ್ ಹೊಡೆದು ಗೆಲ್ಲಿಸಿದ್ದನ್ನು ನೋಡಿದವನು ನಾನು. 2023ರ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಸೋತಿದ್ದನ್ನೂ ನೋಡಿದೆ. ಈ ಕಪ್‌ನ ಫೈನಲ್‌ಗಳಲ್ಲೇ ಅತಿ ದೊಡ್ಡ ಅಂತರದ ಸೋಲು ನನ್ನ ತಂಡದ್ದು. ಅದನ್ನೂ ನಾನೇ ಕೂತು ನೋಡಬೇಕಿತ್ತು. ಅದಕ್ಕೂ ದುಡ್ಡು ಕೊಟ್ಟಿದ್ದೆ.

ಸರಿಯಾಗದ ದೂರನ್ನು ಮುಚ್ಚಬಾರದು ಎಂಬ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೇ ತಿಂಗಳ ಬಾಡಿಗೆ ವಾಪಸ್ ಕೊಡಿ ಎಂದು ಕೇಳಬೇಕೆಂದಿದ್ದೆ. ಈಗ ಅದೂ ಬೇಡ. ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ, ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡುತ್ತೇನೆ. ನಮ್ಮ ಕಟ್ಟಡದ ಇನ್ನೂ ಮೂರು ಮನೆಯವರು ನಿಮ್ಮ ಗ್ರಾಹಕರು. ಅವರ ಜೊತೆ ಮಾತಾಡಿ ಆಗಿದೆ.

ನಾಳೆ ಆರ್‌ಸಿಬಿ ಫೈನಲ್. ನಿನ್ನೆ ಸಂಜೆಯಿಂದ ಇಂಟರ್‌ನೆಟ್ ಗಾಳಿಯ ಹಾಗೆ ಓಡುತ್ತಿದೆ. ಆಶ್ಚರ್ಯವೇ!

ಬುಧವಾರ ರೌಟರ್ ಬಿಚ್ಚಿ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟಿರುತ್ತೇನೆ. ತೆಗೆದುಕೊಂಡು ಹೋಗಲು ಬರುವ ಮುಂಚೆ ಫೋನ್ ಮಾಡಿ. ನಾನೂ ನಾರ್ಮಲ್ ಎಂದೇ ಬರೆದುಕೊಳ್ಳುತ್ತೇನೆ.

ಇತಿ,
ಬುಧವಾರದವರೆಗೆ ನಿಮ್ಮ ಗ್ರಾಹಕ